ಎಳೆಯ ಕಲ್ಲು

ರಾತ್ರಿ ಒಂದೂಮುಕ್ಕಾಲಿಗೆ ಅಲಾರಂ ಇಟ್ಟಿದ್ದೆ. ಅದು ಹೊಡೆದುಕೊಳ್ಳುವಾಗ ನಾನು ಮಂಚದ ಮೇಲೆ ಎದ್ದೇ ಕೂತಿದ್ದೆ. ರೈಲಿನ ಬರ್ತುಗಳ ಹಾಗೆ ಒಂದರ ಮೇಲೊಂದು ಮಂಚ. ಮೇಲಿನ ಮಂಚದಲ್ಲಿ ಯಾರೋ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನನಗೆ ಮಾತ್ರ ಇನ್ನೇನು ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಉಸಿರು ನಿಂತಂತಾಗಿ, ಬಾಯಿ ತೆರೆದು ಗಾಳಿ ಎಳೆದುಕೊಂಡು ಎದ್ದು ಕೂರುವುದೇ ಆಗಿತ್ತು. ಎತ್ತರದ ಜಾಗದಲ್ಲಿ ನಿದ್ದೆಯಲ್ಲಿ ಹೀಗಾಗುವುದು ಮಾಮೂಲು, ಹೆದರಬೇಡಿ ಎಂದು ಸಂಜೆಯೇ ಹೇಳಿದ್ದರು. ಹೆದರಿಕೆ ಆಗಲಿಲ್ಲ. ಆದರೆ ನಾಲ್ಕನೆಯ ಸಲವೋ ಐದನೆಯ ಸಲವೋ ಎದ್ದಾಗ ನಾನು ದಿಂಬನ್ನು ಮಡಿಲಿಗೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಎರಡೂ ಮೊಣಕೈಗಳನ್ನು ಅದರ ಮೇಲೆ ಊರಿ ಕೂತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ನಮ್ಮ ಮನೆಯ ನಡುಮನೆಯಲ್ಲಿ ನಾಲ್ಕು ವರ್ಷದಿಂದ ಅಪ್ಪ ರಾತ್ರಿಯೆಲ್ಲ ಹೀಗೇ ಕೂರುತ್ತಾನೆ.

ಆ ರಾತ್ರಿ ನಾನಿದ್ದದ್ದು ಬೋರ್ನಿಯೋ ದ್ವೀಪದ ಉತ್ತರ ತುದಿಯಲ್ಲಿ, ಮಲೇಶಿಯಾದ ಸಬಾ ರಾಜ್ಯದ ಕಿನಾಬಾಲು ಬೆಟ್ಟದ ಮೇಲೆ. ತುದಿಯ ಎತ್ತರ 4,095 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಇನ್ನೂರು ಮೀಟರಿಗೂ ಹೆಚ್ಚು ಕಡಿಮೆಯೇ ಬೀಳುತ್ತದೆ. ಗೈಡ್ ಇಲ್ಲದೆ ಯಾರನ್ನೂ ಮೇಲಕ್ಕೆ ಬಿಡುವುದಿಲ್ಲ. ಕೆಳಗಿನ ಕಚೇರಿಯಲ್ಲಿ ಹೆಸರು ಬರೆಸಿ, ಕೊರಳಿಗೆ ಹಾಕಿಕೊಳ್ಳುವ ಪಾಸು ಪಡೆದು, ಮೊದಲ ದಿನ ಆರು ಕಿಲೋಮೀಟರ್ ಹತ್ತಿ, ಸುಮಾರು 3,270 ಮೀಟರ್ ಎತ್ತರದ ಪನಲಬಾನ್ ಎಂಬಲ್ಲಿ ತಂಗಬೇಕು. ನಡುರಾತ್ರಿ ಕಳೆದು ಎರಡೂವರೆಗೆ ಮತ್ತೆ ಹೊರಟು, ಉಳಿದ ಎರಡೂಮುಕ್ಕಾಲು ಕಿಲೋಮೀಟರ್ ಕತ್ತಲಲ್ಲಿ ಹತ್ತಿದರೆ ಸೂರ್ಯ ಹುಟ್ಟುವ ಹೊತ್ತಿಗೆ ತುದಿ.

ನಾನು ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಪಿಎಚ್‌.ಡಿ.ಗೆ ಸೇರಿ ಆರನೆಯ ವರ್ಷ ನಡೆಯುತ್ತಿದೆ. ನನ್ನ ಪ್ರಬಂಧದ ಶೀರ್ಷಿಕೆ ಇಂಗ್ಲಿಷಿನಲ್ಲಿ ಎರಡು ಸಾಲು ಉದ್ದವಿದೆ. ಅವ್ವನಿಗೆ ಹೇಳುವಾಗ, "ಬಂಡೆ ಈರುಳ್ಳಿ ಥರ ಪದರ ಪದರವಾಗಿ ಯಾಕೆ ಏಳುತ್ತೆ ಅಂತ ಓದ್ತಿದೀನಿ" ಎಂದಿದ್ದೆ. "ಅದನ್ನ ಕೇಳಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು, ನಿಮ್ಮಪ್ಪನ್ನ ಕೇಳುದ್ರೆ ಹೇಳ್ತಿರಲಿಲ್ವಾ" ಎಂದು ಅವ್ವ ನಕ್ಕಿದ್ದಳು.

ಅವಳು ಹೇಳಿದ್ದು ನಿಜ. ಅಪ್ಪ ಮಾಗಡಿ ಸೀಮೆಯಲ್ಲಿ ಮೂವತ್ತು ವರ್ಷ ಕಲ್ಲು ಒಡೆದವನು. ಸಾವನದುರ್ಗ ಕಾಣುವಷ್ಟು ಹತ್ತಿರ ನಮ್ಮೂರು. ನಾನು ಸಣ್ಣವಳಿದ್ದಾಗ ಬಂಡೆಯ ಮೇಲೆ ಸೌದೆ ಜೋಡಿಸಿ ಬೆಂಕಿ ಹಾಕಿ ಕಲ್ಲು ಎಬ್ಬಿಸುತ್ತಿದ್ದರು. ಬೆಂಕಿಯನ್ನು ಒಂದೇ ಕಡೆ ಉರಿಯಬಿಡುತ್ತಿರಲಿಲ್ಲ. ಕೆಂಡವನ್ನು ನಿಧಾನವಾಗಿ ಮುಂದೆ ಮುಂದೆ ತಳ್ಳುತ್ತಾ ಹೋಗಬೇಕು. ಅಪ್ಪ ಬೆಂಕಿಯ ಮುಂದುಗಡೆ ಕುಕ್ಕರಗಾಲಲ್ಲಿ ಕೂತು ಸುತ್ತಿಗೆಯಿಂದ ಬಂಡೆಯನ್ನು ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದ. ಕೆಳಗಿನ ಬಂಡೆಗೆ ಅಂಟಿಕೊಂಡೇ ಇರುವ ಜಾಗದಲ್ಲಿ ಗಟ್ಟಿ ಸದ್ದು. ಪದರ ಎದ್ದಿದ್ದರೆ ಪೊಳ್ಳು ಸದ್ದು. ಪೊಳ್ಳು ಸದ್ದು ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗೆ ಕೆಂಡ. ಹೀಗೆ ಒಂದು ಮನೆಯ ಅಂಗಳದಷ್ಟು ಅಗಲದ ಪದರ ಒಡೆಯದೆ ಎದ್ದುಬರುತ್ತಿತ್ತು. ಆಮೇಲೆ ಅದನ್ನು ಚಪ್ಪಡಿಗಳಾಗಿ, ಕಂಬಗಳಾಗಿ ಸೀಳುತ್ತಿದ್ದರು. ಬೇಲಿಗೆ ನೆಟ್ಟ ಕಲ್ಲುಕಂಬ, ಚರಂಡಿಗೆ ಮುಚ್ಚಿದ ಚಪ್ಪಡಿ ಎಲ್ಲಿ ಕಂಡರೂ ನನಗೆ ಆ ಸದ್ದು ನೆನಪಾಗುತ್ತದೆ.

ಆಮೇಲೆ ಕಂಪ್ರೆಸರ್ ಬಂತು, ಡ್ರಿಲ್ಲು ಬಂತು. ಕೂಲಿ ಜಾಸ್ತಿಯಾಯಿತು, ಧೂಳೂ ಜಾಸ್ತಿಯಾಯಿತು. ಗ್ರಾನೈಟಿನಲ್ಲಿ ಬೆಣಚು ಇರುತ್ತದೆ, ಅದರ ಸಣ್ಣ ಪುಡಿ ಶ್ವಾಸಕೋಶದ ಒಳಗೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ, ಸುತ್ತಲೂ ಗಾಯ ಕಟ್ಟುತ್ತಾ ಹೋಗುತ್ತದೆ ಎಂದು ನಾನು ಎಂ.ಎಸ್ಸಿ.ಯಲ್ಲಿ ಓದಿದೆ. ಅದೇ ಹೊತ್ತಿಗೆ ಅಪ್ಪ ಮೂಗಿಗೆ ಟವೆಲ್ಲು ಸುತ್ತಿಕೊಂಡು ಒಣ ಕಲ್ಲಿಗೆ ಡ್ರಿಲ್ಲು ಹಿಡಿದಿದ್ದ. ಕೆಮ್ಮು ಶುರುವಾದಾಗ ಒಂದು ಆಸ್ಪತ್ರೆಯಲ್ಲಿ ಕ್ಷಯ ಎಂದು ಒಂಬತ್ತು ತಿಂಗಳು ಮಾತ್ರೆ ಕೊಟ್ಟರು. "ಏನು ಕೆಲಸ ಮಾಡ್ತೀರಿ?" ಎಂದು ಅಪ್ಪನನ್ನು ಕೇಳಿದ ಮೊದಲ ಡಾಕ್ಟರು ಸಿಕ್ಕಿದ್ದು ಅದಾದ ಮೇಲೆ. ಅವರು ಬರೆದುಕೊಟ್ಟ ಕಾಗದದಲ್ಲಿ ಸಿಲಿಕೋಸಿಸ್ ಎಂದಿತ್ತು. ಕಲ್ಲಿನ ಬಗ್ಗೆ ಐದು ವರ್ಷ ಓದಿದ ಮಗಳು ಮನೆಯಲ್ಲೇ ಇದ್ದೆ. ನಾನಾದರೂ ಅದನ್ನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಹೊಳೆದಿರಲಿಲ್ಲ.

ಕೋಟಾ ಕಿನಾಬಾಲು ನಗರದಲ್ಲಿ ಒಂದು ಕಾರ್ಯಾಗಾರಕ್ಕೆ ಆಯ್ಕೆಯಾದಾಗ ವಿಮಾನದ ಟಿಕೆಟ್ಟು, ಉಳಿಯುವ ಖರ್ಚು ಅವರೇ ಕೊಟ್ಟರು. ಬೆಟ್ಟ ಹತ್ತುವ ಖರ್ಚು ನಮ್ಮದು. ಪಾಸು, ಗೈಡ್, ವಸತಿ, ಊಟ ಎಲ್ಲ ಸೇರಿ ನಮ್ಮ ದುಡ್ಡಿನಲ್ಲಿ ಮೂವತ್ತು ಸಾವಿರ ದಾಟಿತು. ಫೆಲೋಶಿಪ್ ನಿಂತು ಆರು ತಿಂಗಳಾಗಿತ್ತು. ನನ್ನ ಖಾತೆಯಲ್ಲಿದ್ದದ್ದು, ಬಾಡಿಗೆಗೆ ತಂದ ಆಕ್ಸಿಜನ್ ಮಷಿನ್ ವಾಪಸು ಕೊಟ್ಟು ಸ್ವಂತದ್ದೇ ಒಂದು ಕೊಳ್ಳೋಣ ಎಂದು ಕೂಡಿಟ್ಟ ದುಡ್ಡು. ಅದನ್ನೇ ಕಟ್ಟಿದೆ. ಅಪ್ಪನಿಗೆ ಫೋನಿನಲ್ಲಿ, "ಎಲ್ಲಾ ಯೂನಿವರ್ಸಿಟಿಯವ್ರೇ ಕೊಡ್ತಾರೆ" ಎಂದೆ.

"ಹೋಗು ಮಗಾ, ಆ ಕಲ್ಲು ನೋಡ್ಕೊಂಡು ಬಾ. ಹೆಂಗೈತೆ ಹೇಳು" ಎಂದ.

ಆ ಕಲ್ಲನ್ನು ನೋಡಲೇಬೇಕು ಎಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿತ್ತು. ರಾಮನಗರದ ಗುಡ್ಡಗಳು, ಸಾವನದುರ್ಗ, ಅಪ್ಪ ಒಡೆದ ಬಂಡೆಗಳು ಎಲ್ಲ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಒಂದೇ ಪಟ್ಟಿಗೆ ಸೇರಿದವು. ವಯಸ್ಸು ಸುಮಾರು 250 ಕೋಟಿ ವರ್ಷ. ಕಿನಾಬಾಲುವಿನ ಗ್ರಾನೈಟಿಗೆ 70ರಿಂದ 80 ಲಕ್ಷ ವರ್ಷ. ನಮ್ಮ ಬಂಡೆಗೆ ನೂರು ವರ್ಷ ಎಂದುಕೊಂಡರೆ ಇದು ನಾಲ್ಕು ತಿಂಗಳು ತುಂಬದ ಕೂಸು. ಭೂಮಿಯ ಒಳಗೆ ಕರಗಿದ ಕಲ್ಲು ತಣಿದು ಗಟ್ಟಿಯಾಗಿ, ಮೇಲಿನ ಮಣ್ಣು ಕಲ್ಲೆಲ್ಲ ಸವೆದುಹೋಗಿ ಹೊರಗೆ ಬಂದಾಗ, ಮೇಲಿನ ಭಾರ ಇಳಿದದ್ದಕ್ಕೆ ಅದು ಹಿಗ್ಗುತ್ತದೆ. ಹಿಗ್ಗಿ, ತನ್ನ ಮೈಗೆ ಸಮನಾಗಿ ಪದರ ಪದರವಾಗಿ ಬಿರಿಯುತ್ತದೆ. ನಮ್ಮಲ್ಲಿ ಈ ಕೆಲಸ ನಡೆದು ಬಹಳ ಕಾಲವಾಗಿದೆ. ಎಳೆಯ ಕಲ್ಲಿನಲ್ಲಿ ಅದು ಹೇಗೆ ಕಾಣುತ್ತದೆ ಎನ್ನುವುದು ನನ್ನ ಕೊನೆಯ ಅಧ್ಯಾಯದಲ್ಲಿ ಬರಬೇಕಿತ್ತು. ಆ ಅಧ್ಯಾಯ ಎಂಟು ತಿಂಗಳಿಂದ ಒಂದೇ ಪುಟದಲ್ಲಿ ನಿಂತಿತ್ತು. ಪಿಎಚ್‌.ಡಿ. ಬಿಟ್ಟು ಯಾವುದಾದರೂ ಪಿಯು ಕಾಲೇಜಿಗೆ ಸೇರಿಕೊಳ್ಳುವುದು ಎಂದು ಮನಸ್ಸಿನಲ್ಲಿ ಅರ್ಧ ತೀರ್ಮಾನವೂ ಆಗಿತ್ತು.

ನಮ್ಮ ಗುಂಪಿನಲ್ಲಿ ಐದು ಜನ. ಗೈಡ್ ಐವತ್ತರ ಆಸುಪಾಸಿನ ದುಸುನ್ ಸಮುದಾಯದವರು. ಬೆಟ್ಟದ ಗೈಡ್‌ಗಳನ್ನು ಅಲ್ಲಿ ಮಾಲಿಮ್ ಗುನುಂಗ್ ಎನ್ನುತ್ತಾರೆ. ಕಾಲಲ್ಲಿ ರಬ್ಬರಿನ ಬೂಟು, ಬೆನ್ನಿಗೊಂದು ಸಣ್ಣ ಚೀಲ, ಮಾತು ಕಡಿಮೆ. ಹೆಚ್ಚು ಹೇಳಿದ ಪದ 'ಪೆಲಾನ್-ಪೆಲಾನ್'. ಮೆಲ್ಲಮೆಲ್ಲಗೆ ಎಂದರ್ಥ.

ತಿಂಪೊಹೊನ್ ಗೇಟಿನಿಂದ ದಾರಿ ಮೊದಲು ಕೆಳಕ್ಕಿಳಿಯುತ್ತದೆ. ಒಂದು ಸಣ್ಣ ಜಲಪಾತ ದಾಟಿದ ಮೇಲೆ ಶುರುವಾಗುವ ಮೆಟ್ಟಿಲುಗಳು ಮುಗಿಯುವುದೇ ಇಲ್ಲ. ಮಂಜು, ಪಾಚಿ ಹಿಡಿದ ಮರ, ಅಲ್ಲಲ್ಲಿ ಕೂರಲು ಮಂಟಪ, ಬಿಸ್ಕತ್ತಿಗೆ ಕಾದು ಕೂತ ಅಳಿಲು. ನಾವು ಮೆಟ್ಟಿಲಿಗೊಮ್ಮೆ ನಿಲ್ಲುವಾಗ ಹೊರೆಯವರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಮೇಲಿನ ವಸತಿಗೆ ಬೇಕಾದ ಅಕ್ಕಿ, ಮೊಟ್ಟೆ, ಗ್ಯಾಸ್ ಸಿಲಿಂಡರ್ ಎಲ್ಲ ಜನರ ಬೆನ್ನ ಮೇಲೆಯೇ ಹೋಗಬೇಕು. ನಮ್ಮ ಅವ್ವನ ವಯಸ್ಸಿನ ಹೆಂಗಸೊಬ್ಬಳು ಬೆನ್ನಿಗೆ ಮೂಟೆ ಕಟ್ಟಿಕೊಂಡು, ಹಣೆಗೆ ಪಟ್ಟಿ ಕೊಟ್ಟು, ಒಂದೇ ಹದದಲ್ಲಿ ಹೆಜ್ಜೆ ಹಾಕುತ್ತಾ ಹತ್ತಿ ಮಂಜಿನಲ್ಲಿ ಮರೆಯಾದಳು. ಅವಳ ಉಸಿರಿನ ಸದ್ದು ನನ್ನದಕ್ಕಿಂತ ಕಡಿಮೆಯಿತ್ತು.

ನಾಲ್ಕು ಕಿಲೋಮೀಟರ್ ದಾಟಿದ ಮೇಲೆ ಮಣ್ಣಿನ ಬಣ್ಣ ಕೆಂಪು ಹಳದಿಗೆ ತಿರುಗಿತು. ಮರಗಳು ಗಿಡ್ಡವಾದವು. ಆ ಮಣ್ಣಿನಲ್ಲಿ ಮರಕ್ಕೆ ಬೇಕಾದ ಸತ್ವ ಕಡಿಮೆ. ಹಾಗಾಗಿ ಹೂಜಿಗಿಡಗಳು ಹುಳ ಹಿಡಿದು ಬದುಕುತ್ತವೆ. ಗೈಡ್ ಪೊದೆ ಸರಿಸಿ ಒಂದನ್ನು ತೋರಿಸಿದರು. ಬಾಯಿಯ ಸುತ್ತ ಹಲ್ಲಿನಂಥ ಅಂಚು ಇದ್ದ, ಮುಷ್ಟಿಯಷ್ಟು ದೊಡ್ಡ ಹೂಜಿ, ಒಳಗೆ ನೀರು.

ಅಲ್ಲಿ ಕೂತಾಗ ಅವರು ಬೆಟ್ಟದ ಹೆಸರಿನ ಬಗ್ಗೆ ಹೇಳಿದರು. ಅವರ ಜನರಿಗೆ ಇದು ಆಕಿ ನಬಾಲು. ಸತ್ತವರ ಆತ್ಮ ಹೋಗಿ ಸೇರುವ ಜಾಗ. ಬೆಟ್ಟದ ಮೇಲೆ ಕೂಗಾಡಬಾರದು. ವರ್ಷಕ್ಕೊಮ್ಮೆ ಮೊನೊಲೊಬ್ ಎಂಬ ಪೂಜೆಯಿದೆ. ಏಳು ಕೋಳಿ, ಏಳು ಮೊಟ್ಟೆ, ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. "ನಮ್ಮಲ್ಲೂ ಇದೇ ಸಾಮಾನು" ಎಂದೆ. ಬಂಡೆಗೆ ಮೊದಲ ಉಳಿ ಇಡುವ ದಿನ ಅಪ್ಪ ಎಲೆ ಅಡಿಕೆ ಇಟ್ಟು, ಕೋಳಿ ಕುಯ್ದು ಕೈಮುಗಿಯುತ್ತಿದ್ದ. ಗೈಡ್ ಮೊದಲ ಸಲ ನನ್ನತ್ತ ಸರಿಯಾಗಿ ತಿರುಗಿ, "ನಿಮ್ಮಪ್ಪ ಈಗಲೂ ಕಲ್ಲು ಒಡೆಯುತ್ತಾರಾ?" ಎಂದು ಕೇಳಿದರು. "ಇಲ್ಲ, ಉಸಿರಿನ ಕಾಯಿಲೆ" ಎಂದೆ. ಅವರು ತಲೆಯಾಡಿಸಿ ಸುಮ್ಮನಾದರು.

ಎರಡೂವರೆಗೆ ಹೊರಟೆವು. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಬೇರೇನೂ ಕಾಣದು. ಮೊದಲು ಮರದ ಮೆಟ್ಟಿಲು, ಆಮೇಲೆ ಹಗ್ಗ ಹಿಡಿದು ಏರಬೇಕಾದ ಬಂಡೆಯ ಮೈ. ತಲೆಯೆತ್ತಿದರೆ ಕತ್ತಲಲ್ಲಿ ದೀಪಗಳ ಸಾಲು ಆಕಾಶಕ್ಕೆ ಅಂಟಿಕೊಂಡಂತೆ ಮೇಲೇರಿತ್ತು. ಸಯಾತ್-ಸಯಾತ್ ಎಂಬಲ್ಲಿ ಕೊರಳಿನ ಪಾಸು ನೋಡಿ ಹೆಸರು ಗುರುತು ಹಾಕಿಕೊಳ್ಳುತ್ತಾರೆ. ಐದು ಗಂಟೆಯೊಳಗೆ ಅಲ್ಲಿಗೆ ತಲುಪದವರನ್ನು ಮುಂದಕ್ಕೆ ಬಿಡುವುದಿಲ್ಲ. ನಾನು ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ನಮ್ಮ ಗುಂಪಿನ ನಾಲ್ವರು ಆಗಲೇ ಇನ್ನೊಬ್ಬ ಗೈಡ್ ಜೊತೆ ಮುಂದೆ ಹೋಗಿದ್ದರು. ನಮ್ಮ ಗೈಡ್ ನನಗಾಗಿ ಹಿಂದೆ ಉಳಿದಿದ್ದರು.

ಅಲ್ಲಿಂದ ಮುಂದೆ ಮಣ್ಣಿಲ್ಲ, ಮರವಿಲ್ಲ. ಬರೀ ಬಂಡೆ. ಅದರ ಮೇಲೆ ದಾರಿ ತಪ್ಪದಿರಲೆಂದು ಹಾಸಿದ ಬಿಳಿ ಹಗ್ಗ. ಹಿಂದೆ ಹಿಮಯುಗದಲ್ಲಿ ಇಲ್ಲಿ ಮಂಜುಗಡ್ಡೆ ಕೂತಿತ್ತು. ಅದು ಉಜ್ಜಿ ನುಣುಪು ಮಾಡಿದ ಕಲ್ಲು ದೀಪದ ಬೆಳಕಿಗೆ ಅಲ್ಲಲ್ಲಿ ಹೊಳೆಯುತ್ತಿತ್ತು. ಆದರೆ ನಾನು ಕಲ್ಲು ನೋಡುತ್ತಿರಲಿಲ್ಲ. ಹೆಜ್ಜೆ ಎಣಿಸುತ್ತಿದ್ದೆ. ಮೊದಲು ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದವಳು ಆಮೇಲೆ ಹದಿನೈದಕ್ಕೆ, ಹತ್ತಕ್ಕೆ, ಆರಕ್ಕೆ ಇಳಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಶೇಕಡಾ 60ರ ಆಸುಪಾಸು. ಲೆಕ್ಕ ಗೊತ್ತಿತ್ತು. ಎದೆ ತುಂಬ ಎಳೆದುಕೊಂಡ ಉಸಿರು ಒಳಗೆ ಹೋಗಿಯೂ ಸಾಲದೆ ಇರುವುದು ಹೇಗಿರುತ್ತದೆ ಎನ್ನುವುದು ಗೊತ್ತಿರಲಿಲ್ಲ.

ಮನೆಯಲ್ಲಿ ಅಪ್ಪ ಮಂಚದಿಂದ ಎದ್ದು ಬಚ್ಚಲಿಗೆ ಹೋಗುವಾಗ ಬಾಗಿಲ ಹತ್ತಿರ ಒಮ್ಮೆ, ಹಜಾರದ ಕಂಬದ ಹತ್ತಿರ ಒಮ್ಮೆ ನಿಲ್ಲುತ್ತಾನೆ. ಎಷ್ಟೋ ಸಲ ನಾನು ಹಿಂದಿನಿಂದ, "ಅಪ್ಪಾ, ಉಸ್ರು ನಿಧಾನಕ್ಕೆ ಎಳ್ಕೋ, ಗಾಬ್ರಿ ಮಾಡ್ಕೋಬೇಡ" ಎಂದಿದ್ದೇನೆ. ಒಮ್ಮೆ ಅವಸರದಲ್ಲಿದ್ದಾಗ, "ಇಲ್ಲಿಂದ ಅಲ್ಲಿಗೆ ಹೋಗಕ್ಕೆ ಎಷ್ಟೊತ್ತು ಮಾಡ್ತೀಯಪ್ಪ" ಎಂದೂ ಅಂದಿದ್ದೇನೆ. ಅವತ್ತು ಅವನು ಉತ್ತರ ಕೊಡಲಿಲ್ಲ. ಕೋಪದಿಂದ ಸುಮ್ಮನಿದ್ದಾನೆ ಎಂದುಕೊಂಡಿದ್ದೆ. ಈಗ ಗೈಡ್ ನನ್ನನ್ನು "ಸರಿಯಿದ್ದೀರಾ?" ಎಂದು ಕೇಳಿದಾಗ ನನಗೆ ಉತ್ತರ ಕೊಡಲಾಗಲಿಲ್ಲ. ಮಾತಾಡುವುದಕ್ಕೂ ಉಸಿರೇ ಬೇಕು. ಇದ್ದದ್ದು ನಿಂತುಕೊಳ್ಳುವುದಕ್ಕೆ ಸಾಕಾಗುತ್ತಿತ್ತು, ಅಷ್ಟೆ.

ಎಂಟನೆಯ ಕಿಲೋಮೀಟರಿನ ಫಲಕದ ಹತ್ತಿರ ವಾಂತಿಯಾಯಿತು. ತಲೆ ಎರಡು ಹೋಳಾಗುವಷ್ಟು ನೋವು. ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು. ತುದಿ ಕಾಣುತ್ತಿತ್ತು, ಅದರ ಮೇಲೆ ಫೋಟೋಗೆ ಕಾದು ನಿಂತ ಜನರೂ ಕಾಣುತ್ತಿದ್ದರು. ಇನ್ನು ಏಳುನೂರು ಮೀಟರ್. ನಾನು ಎದ್ದು ನಿಂತೆ. ಗೈಡ್ ನನ್ನ ಮುಖಕ್ಕೆ ದೀಪ ಹಿಡಿದು ನೋಡಿ, ತಮ್ಮ ಕೈಯನ್ನು ಅಡ್ಡಡ್ಡ ಆಡಿಸಿದರು. ಸಾಕು ಎಂದರ್ಥ.

"ಮೂವತ್ತು ಸಾವಿರ" ಎಂದು ಕನ್ನಡದಲ್ಲೇ ಅಂದೆ. ಅವರಿಗೆ ಹೇಗೆ ಅರ್ಥವಾದೀತು.

ಬಂಡೆಗೆ ಒರಗಿ ಕೂತೆವು. ಅವರು ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟರು. ಈ ಬೆಟ್ಟದ ಅತಿ ಎತ್ತರದ ತುದಿಗೆ ಹ್ಯೂ ಲೋ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿದೆ. ಅವರು 1851ರಲ್ಲಿ ಬೆಟ್ಟ ಹತ್ತಿದರು, ಆದರೆ ಆ ತುದಿಯನ್ನು ಹತ್ತಲಿಲ್ಲ. ಅದನ್ನು ಹತ್ತಿದ್ದು 1888ರಲ್ಲಿ ಜಾನ್ ವೈಟ್‌ಹೆಡ್. 1910ರಲ್ಲಿ ಲಿಲಿಯನ್ ಗಿಬ್ಸ್ ಎಂಬ ಸಸ್ಯವಿಜ್ಞಾನಿ ಹತ್ತಿದರು, ದಾಖಲೆಯಲ್ಲಿರುವ ಮೊದಲ ಮಹಿಳೆ ಅವರು. ಕಾರ್ಯಾಗಾರಕ್ಕೆ ಬರುವ ಮೊದಲು ಇದನ್ನೆಲ್ಲ ಓದಿ, ಗಿಬ್ಸ್ ಹೆಸರಿನ ಕೆಳಗೆ ಗೆರೆ ಎಳೆದುಕೊಂಡಿದ್ದೆ. ಆ ಗೆರೆ ನೆನಪಾಗಿ ಅಳು ಬಂತು.

ಗೈಡ್ ಅಳುವುದನ್ನು ನೋಡದವರ ಹಾಗೆ ಎಡಕ್ಕೆ ಕೈ ತೋರಿಸಿದರು. ಬೆಳಕಿನಲ್ಲಿ ಎರಡು ಕಿವಿಯಂತಿರುವ ಶಿಖರ, ಒಂದರ ತುದಿ ಮುರಿದಿದೆ. 2015ರ ಜೂನ್ 5ರ ಬೆಳಗ್ಗೆ ಏಳೂಕಾಲಿಗೆ ಭೂಮಿ ನಡುಗಿ, ಈ ಬೆಟ್ಟದಿಂದ ಬಂಡೆಗಳು ಉರುಳಿ 18 ಜನ ಸತ್ತರು. ಸಿಂಗಪುರದಿಂದ ಬಂದಿದ್ದ ಪ್ರಾಥಮಿಕ ಶಾಲೆಯ ಮಕ್ಕಳು, ಅವರನ್ನು ಕರೆದೊಯ್ಯುತ್ತಿದ್ದ ಗೈಡ್‌ಗಳೂ ಅವರಲ್ಲಿದ್ದರು. ಅವತ್ತು ಇವರ ಸರದಿ ಇರಲಿಲ್ಲವಂತೆ. ಮಾರನೆಯ ದಿನ ಹುಡುಕಲು ಬಂದವರಲ್ಲಿ ಇವರಿದ್ದರಂತೆ. ಅಷ್ಟು ಹೇಳಿ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮನ್ನು ಕೆಳಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಮೇಲೆ ಹೋಗುವುದು ನಿಮ್ಮ ಆಸೆ" ಎಂದರು. ಕೋಪವಿರಲಿಲ್ಲ, ಬೋಧನೆಯೂ ಇರಲಿಲ್ಲ. ಕೆಲಸ ಗೊತ್ತಿದ್ದವರು ತಮ್ಮ ಕೆಲಸದ ಬಗ್ಗೆ ಹೇಳುವ ಹಾಗೆ ಹೇಳಿದರು.

ಆಗಲೇ ನಾನು ಕೂತ ಜಾಗವನ್ನು ನೋಡಿದ್ದು. ಬೂದು ಬಣ್ಣದ ಬಂಡೆಯ ಇಳಿಜಾರು. ಕಾಲಿನ ಹತ್ತಿರವೇ ಮೊಳದಷ್ಟು ದಪ್ಪದ ಅಂಚು ಒಂದು ಮೆಟ್ಟಿಲಿನಂತೆ ಎದ್ದಿತ್ತು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ನಾನು ಪ್ರಬಂಧದಲ್ಲಿ ಗೆರೆ ಎಳೆದು ತೋರಿಸಿದ್ದು ಇದನ್ನೇ. ಪಕ್ಕದಲ್ಲಿ ಮುಷ್ಟಿಗಾತ್ರದ ಕಲ್ಲೊಂದು ಬಿದ್ದಿತ್ತು. ಗೈಡ್ ಅವರನ್ನು ಕೇಳಿ ಎತ್ತಿಕೊಂಡೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಅಂಚಿನಿಂದ ದೂರದಲ್ಲಿ ಬಂಡೆಯನ್ನು ಮೆಲ್ಲಗೆ ಬಡಿದೆ. ಒಂದು ಹೆಜ್ಜೆಯಷ್ಟು ಸರಿದು ಮತ್ತೆ. ಮತ್ತೆ. ಅಂಚಿನವರೆಗೆ ಹಾಗೆಯೇ ಬಂದು, ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟೆ. ಅಲ್ಲಿಂದ ಏನನ್ನೂ ತರುವ ಹಾಗಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎನ್ನುವುದನ್ನು ಮೊಣಕಾಲುಗಳು ಹೇಳಿದವು. ಇಳಿದಷ್ಟೂ ತಲೆನೋವು ಕರಗಿತು. ಗೇಟು ತಲುಪಿದಾಗ ಮಧ್ಯಾಹ್ನ ಮೂರು. ಗೈಡ್ ನನ್ನ ಕೊರಳಿನ ಪಾಸಿನ ನಂಬರ್ ಬರೆದುಕೊಂಡು, ಪುಸ್ತಕದಲ್ಲಿ ಗುರುತು ಹಾಕಿ, ಕೈಕುಲುಕಿ ಹೊರಟುಹೋದರು. ಮಾರನೆಯ ಬೆಳಗ್ಗೆ ಅವರಿಗೆ ಇನ್ನೊಂದು ಗುಂಪು ಇತ್ತು.

ವ್ಯಾನಿನಲ್ಲಿ ಕೂತು ಮನೆಗೆ ಫೋನ್ ಮಾಡಿದೆ.

"ತುದಿ ಮುಟ್ಟುದ್ಯಾ ಮಗಾ?"

"ಇಲ್ಲ ಅಪ್ಪ. ಇನ್ನು ಏಳ್ನೂರು ಮೀಟ್ರು ಇತ್ತು. ಉಸ್ರು ಸಿಗ್ಲಿಲ್ಲ."

ಆ ಕಡೆ ಮಷಿನ್ನಿನ ಗುರ್ರೆನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, "ನಂಗೂ ಬಚ್ಚಲಿಗೆ ಹೋಗಿ ಬರಾಕೆ ಅಷ್ಟೇ ಆಯ್ತದೆ" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾನು ಏನೂ ಹೇಳಲಿಲ್ಲ. ಉಸ್ರು ನಿಧಾನಕ್ಕೆ ಎಳ್ಕೋ ಎಂದೂ ಹೇಳಲಿಲ್ಲ.

ರೆಕಾರ್ಡಿಂಗ್ ಕಳಿಸಿದೆ. ತಮ್ಮ ಫೋನನ್ನು ಅಪ್ಪನ ಕಿವಿಗೆ ಹಿಡಿದಿರಬೇಕು. "ಇನ್ನೊಂದ್ಸಲ ಹಾಕು" ಎನ್ನುವುದು ಕೇಳಿಸಿತು. ಮೂರು ಸಲ ಹಾಕಿಸಿಕೊಂಡು ಕೇಳಿ, "ಮೊದ್ಲು ನಾಕು ಏಟು ಗಟ್ಟಿ. ಐದ್ನೇದ್ರಿಂದ ಪೊಳ್ಳು. ಅಲ್ಲಿಂದ ಪದ್ರ ಎದ್ದೈತೆ ನೋಡು. ಬೆಂಕಿ ಹಾಕಿದ್ರಾ?" ಎಂದ.

"ಇಲ್ಲಪ್ಪ, ತಾನಾಗೇ ಎದ್ದಿರೋದು."

"ತಾನಾಗೇನಾ" ಎಂದು ಬಹಳ ಹೊತ್ತು ಸುಮ್ಮನಿದ್ದ. "ಎಳೇ ಕಲ್ಲು ಅಂದ್ಯಲ್ಲ. ಅದ್ಕೇ ಇರ್ಬೇಕು."

ಊರಿಗೆ ಬಂದ ಮೇಲೆ ಅಧ್ಯಾಯ ಮುಂದಕ್ಕೆ ಹೋಯಿತು. ಕಾಲೇಜಿಗೆ ಹಾಕಿದ್ದ ಅರ್ಜಿಯನ್ನು ಹಿಂದೆಗೆದುಕೊಂಡಿಲ್ಲ, ಆದರೆ ಪ್ರಬಂಧವನ್ನೂ ಬಿಟ್ಟಿಲ್ಲ. ಸದ್ದಿನಿಂದ ಪದರದ ಅಂಚು ಗುರುತಿಸುವುದರ ಬಗ್ಗೆ ಬರೆದ ಭಾಗಕ್ಕೆ ಆಧಾರ ಕೊಡಿ ಎಂದು ಮಾರ್ಗದರ್ಶಕರು ಕೇಳಿದರು. ಅಪ್ಪನ ಹೆಸರು, ಮುಂದೆ 'ಕಲ್ಲು ಕೆಲಸಗಾರ, ಮೂವತ್ತು ವರ್ಷ, ಖುದ್ದು ಮಾತುಕತೆ' ಎಂದು ಬರೆದೆ. ಅವರು ಅದನ್ನು ತೆಗೆಯಲಿಲ್ಲ.

ದುಡ್ಡಿನ ವಿಷಯ ಇನ್ನೂ ಹೇಳಿಲ್ಲ. ಮಷಿನ್ ಈಗಲೂ ಬಾಡಿಗೆಯದೇ. ಈ ತಿಂಗಳ ಬಾಡಿಗೆ ನಿನ್ನೆ ಕಟ್ಟಿದೆ. ಅಪ್ಪ ಇಂಥದ್ದನ್ನೆಲ್ಲ ಓದುವವನಲ್ಲ. ಆದರೆ ತಮ್ಮ ಫೋನಿನಲ್ಲಿ ನನ್ನ ಹೆಸರು ಎಲ್ಲಿ ಕಂಡರೂ ಜೋರಾಗಿ ಓದಿ ಹೇಳುತ್ತಾನೆ. ಇದು ಪ್ರಕಟವಾಗುವ ಮೊದಲು ನಾನು ಒಮ್ಮೆ ಊರಿಗೆ ಹೋಗಿ ಬರಬೇಕು.